ಕಾರು ರಸ್ತೆಯನ್ನು ನೋಡುವುದಿಲ್ಲ, ಸ್ಟೇರಿಂಗನ್ನು ನೋಡುತ್ತದೆ: ಡ್ರೈವಿಂಗ್ ಕಲಿಸುವವರಿಗೆ ಒಂದು ಬಹಿರಂಗ ಪತ್ರ

ಡ್ರೈವಿಂಗ್ ಕಲಿಸುವ ಗುರುಗಳಿಗೆ, ಲೈಸೆನ್ಸ್ ಪರೀಕ್ಷೆಯ ಪಾಠ ಮತ್ತು ಪ್ರಶ್ನೆ ಸಿದ್ಧಮಾಡುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಕಾರುಗಳ ಬ್ರೇಕ್ ಕೆಲಸ ಮಾಡುವವನು. ನೀವು ಕಲಿಸಿ ಕಳಿಸಿದವರು ಆಮೇಲೆ ನನ್ನಂಥವರ ಹತ್ತಿರ ಬರುತ್ತಾರೆ. ಕ್ಲಚ್ ಚೆನ್ನಾಗಿ ಬಿಡುತ್ತಾರೆ, ಕನ್ನಡಿ ನೋಡುತ್ತಾರೆ, ಇಂಡಿಕೇಟರ್ ಮರೆಯುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಪಾಠ ಗಟ್ಟಿಯಾಗಿದೆ. ಆದರೆ ಡ್ಯಾಶ್‌ಬೋರ್ಡಿನ ಒಂದು ಹಳದಿ ದೀಪ ತೋರಿಸಿ ಇದೇನು ಅಂತ ಕೇಳಿದರೆ ತಬ್ಬಿಬ್ಬಾಗುತ್ತಾರೆ. ಪುಟ್ಟ ಕಾರು, ಅದರ ಕೆಳಗೆ ಎರಡು ಸೊಟ್ಟ ಗೆರೆ. "ಮುಂದೆ ರಸ್ತೆ ಜಾರುತ್ತೆ ಅಂತ ಎಚ್ಚರಿಸುವ ದೀಪ ಅಲ್ವಾ?" ಅನ್ನುವವರೇ ಜಾಸ್ತಿ.

ಅಲ್ಲ. ಮುಂದಿನ ರಸ್ತೆ ಹೇಗಿದೆ ಅಂತ ಆ ದೀಪಕ್ಕಾಗಲಿ, ಅದರ ಹಿಂದಿರುವ ಯಂತ್ರಕ್ಕಾಗಲಿ ಗೊತ್ತೇ ಇಲ್ಲ. ನನ್ನ ಇಡೀ ಪತ್ರ ಇರುವುದೇ ಈ ಮಾತಿನ ಬಗ್ಗೆ.

ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಇಎಸ್‌ಸಿ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ: ಇಎಸ್‌ಪಿ, ವಿಎಸ್‌ಸಿ, ಡಿಎಸ್‌ಸಿ, ವಿಎಸ್‌ಎ. ಹೆಸರು ನಾಲ್ಕಾದರೂ ಕೆಲಸ ಒಂದೇ. ಡ್ರೈವರ್ ಎತ್ತ ಹೋಗಬೇಕು ಅಂತಾನೆ, ಕಾರು ಎತ್ತ ತಿರುಗುತ್ತಿದೆ, ಎರಡನ್ನೂ ಹೋಲಿಸಿ ನೋಡುವುದು. ತಾಳೆಯಾಗದಿದ್ದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುವುದು. ಈ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದ ಬಾಷ್ ಕಂಪನಿ ಹೇಳುವಂತೆ ಈ ಹೋಲಿಕೆ ಸೆಕೆಂಡಿಗೆ 25 ಸಲ ನಡೆಯುತ್ತದೆ.

ಡ್ರೈವರ್ ಎತ್ತ ಹೋಗಬೇಕು ಅಂತಾನೆ ಎನ್ನುವುದು ಅದಕ್ಕೆ ಗೊತ್ತಾಗುವುದು ಹೇಗೆ? ಸ್ಟೇರಿಂಗ್ ಕಂಬದಲ್ಲಿ ಒಂದು ಸೆನ್ಸರ್ ಇದೆ. ಸ್ಟೇರಿಂಗ್ ಎಷ್ಟು ಡಿಗ್ರಿ ತಿರುಗಿದೆ, ಎಷ್ಟು ಬೇಗ ತಿರುಗುತ್ತಿದೆ ಅಂತ ಅದು ಹೇಳುತ್ತದೆ. ನಾಲ್ಕೂ ಚಕ್ರದ ಹತ್ತಿರ ಒಂದೊಂದು ವೇಗದ ಸೆನ್ಸರ್ ಇದೆ. ಬ್ರೇಕ್ ಎಷ್ಟು ಬಲವಾಗಿ ತುಳಿದಿದ್ದೀರಿ ಅಂತ ಹೇಳುವ ಒತ್ತಡದ ಸೆನ್ಸರ್ ಇದೆ. ಇಷ್ಟು ಸೇರಿದರೆ ಡ್ರೈವರ್‌ನ ಮನಸ್ಸು ಕಂಪ್ಯೂಟರಿಗೆ ಸಿಕ್ಕಿತು.

ಕಾರು ನಿಜವಾಗಿ ಏನು ಮಾಡುತ್ತಿದೆ ಅಂತ ಹೇಳುವುದು ಇನ್ನೆರಡು ಸೆನ್ಸರ್. ಒಂದು, ಕಾರು ಪಕ್ಕಕ್ಕೆ ಎಷ್ಟು ಬಲವಾಗಿ ಎಳೆಯುತ್ತಿದೆ ಅಂತ ಅಳೆಯುತ್ತದೆ. ಇನ್ನೊಂದು, ಮೇಲಿಂದ ನೋಡಿದರೆ ಕಾರು ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತಿದೆ ಅಂತ ಅಳೆಯುತ್ತದೆ. ಇದಕ್ಕೆ ಯಾ (yaw) ಸೆನ್ಸರ್ ಅಂತಾರೆ. ಇಡೀ ವ್ಯವಸ್ಥೆಯ ಜೀವ ಇದೇ. ಈಗಿನ ಕಾರುಗಳಲ್ಲಿ ಇದು ಒಂದು ಸಣ್ಣ ಚಿಪ್. ಒಳಗೆ ಸಿಲಿಕಾನಿನ ಪುಟಾಣಿ ತುಂಡೊಂದು ಸದಾ ಕಂಪಿಸುತ್ತಿರುತ್ತದೆ. ಕಾರು ತಿರುಗಿದಾಗ ಆ ಕಂಪನ ಪಕ್ಕಕ್ಕೆ ಸ್ವಲ್ಪ ಸರಿಯುತ್ತದೆ. ಎಷ್ಟು ಸರಿಯಿತು ಅನ್ನುವುದರ ಮೇಲೆ ತಿರುಗುವ ವೇಗ ಗೊತ್ತಾಗುತ್ತದೆ.

ಈ ಪಟ್ಟಿಯಲ್ಲಿ ರಸ್ತೆಯನ್ನು ನೋಡುವ ಕಣ್ಣು ಒಂದೂ ಇಲ್ಲ, ಗಮನಿಸಿದಿರಾ? ಗೆರೆ ದಾಟಿದಾಗ ಎಚ್ಚರಿಸುವ ಕ್ಯಾಮೆರಾ ಬೇರೆ, ಅದರ ಕೆಲಸ ಬೇರೆ. ರಸ್ತೆ ಎಡಕ್ಕೆ ತಿರುಗಿದೆಯಾ, ಎದುರಿಗೆ ಲಾರಿ ಇದೆಯಾ, ಪಕ್ಕದಲ್ಲಿ ಹಳ್ಳ ಇದೆಯಾ, ಇಎಸ್‌ಸಿಗೆ ಒಂದೂ ತಿಳಿಯದು. ಅದಕ್ಕೆ ರಸ್ತೆ ಅಂದರೆ ನಿಮ್ಮ ಕೈಯಲ್ಲಿರುವ ಸ್ಟೇರಿಂಗೇ. ನೀವು ಸ್ಟೇರಿಂಗ್ ತೋರಿಸಿದ ಕಡೆಗೇ ರಸ್ತೆ ಇದೆ ಅಂತ ನಂಬಿ ಅದು ಕೆಲಸ ಮಾಡುತ್ತದೆ. ಹೆದರಿ ಹಳ್ಳದ ಕಡೆ ಸ್ಟೇರಿಂಗ್ ಹಿಡಿದರೆ, ಕಾರನ್ನು ಒಂದಿಷ್ಟೂ ಜಾರಿಸದೆ ನೀಟಾಗಿ ಹಳ್ಳಕ್ಕೇ ಒಯ್ಯುತ್ತದೆ.

ಹಾಗಾಗಿ, ಕಾರಿನಲ್ಲಿ ಈ ಸೌಲಭ್ಯ ಬಂದಿದೆ, ಇನ್ನು ಜಾರಿದಾಗ ಏನು ಮಾಡಬೇಕು ಅಂತ ಕಲಿಸುವ ಅಗತ್ಯ ಇಲ್ಲ ಎನ್ನುವ ಮಾತಿಗೆ ನನ್ನ ತಕರಾರಿದೆ. ಅಗತ್ಯ ಮೊದಲಿಗಿಂತ ಹೆಚ್ಚಾಗಿದೆ. ಕಲಿಸಬೇಕಾದ ಪಾಠ ಮಾತ್ರ ಬದಲಾಗಿದೆ.

ಹೇಗೆ ಬದಲಾಗಿದೆ ಅಂತ ಹೇಳುವ ಮೊದಲು, ಜಾರುವಾಗ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಇದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಬಿಳಿ ಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಬಿಡಿಸಿ ತೋರಿಸಬಹುದು.

70 ಮೀಟರ್ ತ್ರಿಜ್ಯದ ಒಂದು ಎಡ ತಿರುವು ಅಂದುಕೊಳ್ಳಿ. ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದೆ, ಅಂದರೆ ಸೆಕೆಂಡಿಗೆ 22 ಮೀಟರ್. ತಿರುವಿನ ಜೊತೆ ಸರಿಯಾಗಿ ಹೋಗಬೇಕಾದರೆ ಕಾರು ಪ್ರತಿ ಸೆಕೆಂಡಿಗೆ ಸುಮಾರು 18 ಡಿಗ್ರಿ ತಿರುಗಬೇಕು. ಸ್ಟೇರಿಂಗಿನ ಕೋನ ಮತ್ತು ವೇಗ ನೋಡಿ ಕಂಪ್ಯೂಟರ್ ಈ 18ರ ಲೆಕ್ಕ ಹಾಕಿಟ್ಟುಕೊಂಡಿರುತ್ತದೆ. ಯಾ ಸೆನ್ಸರ್ ಕೂಡ 18 ಅಂದರೆ ಎಲ್ಲ ಸರಿಯಿದೆ, ಅದು ತೆಪ್ಪಗಿರುತ್ತದೆ.

ಈಗ ಹಿಂದಿನ ಚಕ್ರಗಳು ಹಿಡಿತ ಬಿಟ್ಟವು ಅನ್ನೋಣ. ಕಾರಿನ ಹಿಂಭಾಗ ಬಲಕ್ಕೆ ಬೀಸಲು ಶುರುವಾಗುತ್ತದೆ. ಯಾ ಸೆನ್ಸರ್ 18ರ ಬದಲು 25, 30 ಅಂತ ತೋರಿಸುತ್ತದೆ. ಕಾರು ಬೇಕಾದ್ದಕ್ಕಿಂತ ಜಾಸ್ತಿ ತಿರುಗುತ್ತಿದೆ. ಆಗ ಕಂಪ್ಯೂಟರ್ ಮುಂದಿನ ಬಲ ಚಕ್ರಕ್ಕೆ, ಅಂದರೆ ತಿರುವಿನ ಹೊರ ಬದಿಯ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಚಲಿಸುವ ದೋಣಿಯಲ್ಲಿ ಬಲಗಡೆಯ ಹುಟ್ಟನ್ನು ನೀರಿನಲ್ಲಿ ಬಿಗಿಯಾಗಿ ಅದುಮಿ ಹಿಡಿದರೆ ಮೂತಿ ಬಲಕ್ಕೆ ತಿರುಗುತ್ತದಲ್ಲ, ಇದೂ ಹಾಗೆಯೇ.

ಆ ಒಂದೇ ಚಕ್ರ ಯಾಕೆ? ತಿರುವಿನಲ್ಲಿ ಹೆಚ್ಚಿನ ಭಾರ ಮುಂದಿನ ಹೊರ ಚಕ್ರದ ಮೇಲೆ ಬಿದ್ದಿರುತ್ತದೆ. ಭಾರ ಇದ್ದಲ್ಲಿ ಹಿಡಿತ ಇರುತ್ತದೆ, ಹಿಡಿತ ಇದ್ದಲ್ಲಿ ಬ್ರೇಕ್ ಬಲವಾಗಿ ಕಚ್ಚುತ್ತದೆ. ಇದರ ಜೊತೆ ಇನ್ನೊಂದು ಲಾಭವೂ ಇದೆ. ಟೈರಿಗೆ ಇರುವುದು ಒಂದೇ ಹಿಡಿತದ ಗಂಟು. ಅದನ್ನೇ ಬ್ರೇಕಿಗೂ ತಿರುಗುವುದಕ್ಕೂ ಹಂಚಬೇಕು. ಬ್ರೇಕಿಗೆ ಹೆಚ್ಚು ಕೊಟ್ಟರೆ ಪಕ್ಕಕ್ಕೆ ಎಳೆಯುವ ಬಲ ಕಡಿಮೆಯಾಗುತ್ತದೆ. ಮುಂದಿನ ಚಕ್ರ ಮೂತಿಯನ್ನು ಒಳಗೆ ಎಳೆಯುವುದು ಕಡಿಮೆಯಾದರೆ, ಅತಿಯಾಗಿ ತಿರುಗುತ್ತಿದ್ದ ಕಾರಿಗೆ ಅದೂ ಒಳ್ಳೆಯದೇ.

ಲೆಕ್ಕ ಬೇಕಾ? ಮಧ್ಯಮ ಗಾತ್ರದ ಕಾರು, ಆ ಚಕ್ರದಲ್ಲಿ 3,000 ನ್ಯೂಟನ್ ಬ್ರೇಕ್ ಬಲ, ಕಾರಿನ ನಡುಗೆರೆಯಿಂದ ಚಕ್ರಕ್ಕೆ 0.75 ಮೀಟರ್ ದೂರ ಅಂತ ಇಟ್ಟುಕೊಳ್ಳಿ. ಗುಣಿಸಿದರೆ 2,250 ನ್ಯೂಟನ್ ಮೀಟರ್ ತಿರುಚುಬಲ ಸಿಗುತ್ತದೆ. ಅಂಥ ಕಾರನ್ನು ತಿರುಗಿಸಲು ಅದು ಒಡ್ಡುವ ಜಡತ್ವವೂ ಹೆಚ್ಚುಕಡಿಮೆ ಅದೇ ಅಂಕಿಯ ಆಸುಪಾಸಿನಲ್ಲಿರುತ್ತದೆ. ಹೀಗಾಗಿ ಕಾಲು ಸೆಕೆಂಡಿನಲ್ಲಿ ಕಾರಿನ ತಿರುಗುವ ವೇಗ ಸೆಕೆಂಡಿಗೆ ಸುಮಾರು 14 ಡಿಗ್ರಿಯಷ್ಟು ಇಳಿಯುತ್ತದೆ. 30ಕ್ಕೆ ಏರಿದ್ದು ಮತ್ತೆ 18ರ ಹತ್ತಿರ ಬಂತು. ಒಂದೇ ಚಕ್ರ, ಕಾಲು ಸೆಕೆಂಡು! ಇದು ಕಾಗದದ ಮೇಲಿನ ಸರಳ ಲೆಕ್ಕ ನಿಜ, ಆದರೆ ಅಳತೆಯ ಅಂದಾಜು ಇದರಿಂದ ಸಿಗುತ್ತದೆ.

ಉಲ್ಟಾ ಕೂಡ ಆಗುತ್ತದೆ. ಮುಂದಿನ ಚಕ್ರಗಳೇ ಹಿಡಿತ ಬಿಟ್ಟರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ನುಗ್ಗುತ್ತದೆ. ಯಾ ಸೆನ್ಸರ್ 18ರ ಬದಲು 10 ತೋರಿಸುತ್ತದೆ. ಆಗ ಬ್ರೇಕ್ ಬೀಳುವುದು ಹಿಂದಿನ ಒಳ ಚಕ್ರಕ್ಕೆ, ಎಡ ತಿರುವಾದರೆ ಹಿಂದಿನ ಎಡಕ್ಕೆ. ಆ ಚಕ್ರದ ಮೇಲೆ ಭಾರ ಕಡಿಮೆ, ಅದೊಂದರಿಂದಲೇ ಕೆಲಸ ಪೂರಾ ಆಗುವುದಿಲ್ಲ. ಅದಕ್ಕೇ ಎಂಜಿನ್ನಿನ ಶಕ್ತಿಯನ್ನೂ ಕಡಿಮೆ ಮಾಡಿ ವೇಗ ಇಳಿಸುತ್ತದೆ. ನೀವು ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದರೂ ಎಂಜಿನ್ ಕೇಳುವುದಿಲ್ಲ.

ಈ ಬ್ರೇಕ್ ಹಾಕಲು ನಿಮ್ಮ ಕಾಲು ಬೇಡ. ಬಾನೆಟ್ ತೆಗೆದರೆ ಬ್ರೇಕ್ ಪೈಪುಗಳು ಬಂದು ಸೇರುವ ಒಂದು ಅಲ್ಯೂಮಿನಿಯಂ ಗಟ್ಟಿ ಕಾಣುತ್ತದೆ, ಒಂದು ಬದಿಗೆ ಮೋಟಾರು, ಇನ್ನೊಂದು ಬದಿಗೆ ಕಂಪ್ಯೂಟರ್ ಡಬ್ಬಿ. ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಸುತ್ತುವುದು ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಮಾತ್ರ ಇದ್ದರೆ ಒಳಗೆ ಸಾಮಾನ್ಯವಾಗಿ ಎಂಟು ವಾಲ್ವ್, ಚಕ್ರಕ್ಕೆ ಎರಡರಂತೆ. ಇಎಸ್‌ಸಿ ಇದ್ದರೆ ಇನ್ನೂ ನಾಲ್ಕು ಸೇರಿ ಹನ್ನೆರಡು. ಆ ನಾಲ್ಕರ ಕೆಲಸವೇ ಕಾಲಿನ ಸಂಬಂಧ ತಪ್ಪಿಸಿ, ಪಂಪಿನಿಂದ ಎದ್ದ ಒತ್ತಡವನ್ನು ಬೇಕಾದ ಚಕ್ರಕ್ಕೆ ಕಳಿಸುವುದು. ಕೆಲಸ ಮಾಡುವಾಗ ಪಂಪು ಗರ್ರ್ ಅನ್ನುತ್ತದೆ, ಪೆಡಲು ನಡುಗುತ್ತದೆ, ಹಳದಿ ದೀಪ ಪಟಪಟ ಮಿನುಗುತ್ತದೆ.

ನನ್ನ ಹತ್ತಿರ ಬರುವ ದೂರುಗಳಲ್ಲಿ ಇದೂ ಒಂದು. "ಮಳೆಯಲ್ಲಿ ಬ್ರೇಕು ಗರಗರ ಅಂತು, ಏನೋ ಮುರೀತು ಅಂತ ಕಾಲು ತೆಗೆದುಬಿಟ್ಟೆ." ಕಾರು ಜೀವ ಉಳಿಸುವ ಕೆಲಸ ಮಾಡುತ್ತಿರುವಾಗಲೇ ಡ್ರೈವರ್ ಕಾಲು ತೆಗೆಯುತ್ತಾನೆ! ತಪ್ಪು ಅವನದಲ್ಲ. ಆ ಸದ್ದನ್ನು ಅವನಿಗೆ ಯಾರೂ ಒಮ್ಮೆಯೂ ಕೇಳಿಸಿಲ್ಲ.

ಇನ್ನು ಹಿಡಿತದ ಮಿತಿ. ಇದನ್ನು ಹೇಳದೆ ಇಎಸ್‌ಸಿಯನ್ನು ಹೊಗಳುವುದು ಅಪಾಯ. ಅದೇ 70 ಮೀಟರಿನ ತಿರುವು. ಒಣ ಟಾರು ರಸ್ತೆಯಲ್ಲಿ ಒಳ್ಳೆಯ ಟೈರಿದ್ದರೆ ಗಂಟೆಗೆ 85-90 ಕಿಲೋಮೀಟರಿನವರೆಗೂ ಹಿಡಿತ ಸಾಕಾಗಬಹುದು. ಒದ್ದೆಯಾಗಿ ಹಿಡಿತ ಅರ್ಧದ ಹತ್ತಿರಕ್ಕಿಳಿದರೆ, ಅಂದರೆ ಘರ್ಷಣೆಯ ಅಂಕಿ (ರಸ್ತೆ ಟೈರನ್ನು ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) 0.5 ಆದರೆ, ಮಿತಿ ಸುಮಾರು 67ಕ್ಕೆ ಬರುತ್ತದೆ. ಮಂಜುಗಡ್ಡೆ ಕಟ್ಟಿ 0.1 ಆದರೆ ಬರೀ 30. ಈ ಮೂರು ಅಂಕಿಗಳಲ್ಲಿ ಒಂದನ್ನೂ ಇಎಸ್‌ಸಿ ಮೇಲಕ್ಕೆತ್ತಲಾರದು. ಹಿಡಿತ ಕೊಡುವುದು ಟೈರು ಮತ್ತು ರಸ್ತೆ. ಇರುವ ಹಿಡಿತವನ್ನು ನಾಲ್ಕು ಚಕ್ರಕ್ಕೆ ಜಾಣತನದಿಂದ ಹಂಚುವುದಷ್ಟೇ ಇಎಸ್‌ಸಿಯ ಕೆಲಸ.

ಹಾಗಾದರೆ ಒದ್ದೆ ರಸ್ತೆಯಲ್ಲಿ ಅದೇ ತಿರುವಿಗೆ 80ರಲ್ಲಿ ನುಗ್ಗಿದರೆ? ಇಲ್ಲಿ ಯಂತ್ರದ ಒಂದು ಜಾಣ್ಮೆ ಇದೆ. ಸ್ಟೇರಿಂಗ್ 18 ಡಿಗ್ರಿ ಕೇಳುತ್ತಿದೆ. ಆದರೆ ಆ ರಸ್ತೆ ಆ ವೇಗದಲ್ಲಿ ಕೊಡಬಲ್ಲದ್ದು ಸೆಕೆಂಡಿಗೆ 12-13 ಡಿಗ್ರಿ ಮಾತ್ರ. ಪಕ್ಕಕ್ಕೆ ಎಳೆಯುವ ಬಲ ಎಷ್ಟಿದೆ ಅಂತ ನೋಡಿ ಕಂಪ್ಯೂಟರ್ ಇದನ್ನು ಅಂದಾಜು ಮಾಡುತ್ತದೆ, ಮತ್ತು ನಿಮ್ಮ ಬೇಡಿಕೆಯನ್ನು ಅಲ್ಲಿಗೇ ಕತ್ತರಿಸುತ್ತದೆ. ಕತ್ತರಿಸದೆ 18ಕ್ಕೇ ತಿರುಗಿಸಲು ಹೋದರೆ ಕಾರು ಬುಗುರಿಯಾಗುತ್ತದೆ. ಕತ್ತರಿಸಿದ್ದರಿಂದ ಕಾರು ಗಿರಕಿ ಹೊಡೆಯುವುದಿಲ್ಲ. ಆದರೆ 70 ಮೀಟರಿನ ತಿರುವಿನಲ್ಲಿ ಅದು ಮೊದಲಿಗೆ 100 ಮೀಟರ್ ತ್ರಿಜ್ಯದ ದಾರಿ ಹಿಡಿಯುತ್ತದೆ. ಬ್ರೇಕ್ ಬಿದ್ದು ವೇಗ ಇಳಿದಂತೆಲ್ಲ ದಾರಿ ಬಿಗಿಯಾಗುತ್ತಾ ಬರುತ್ತದೆ. ಅಷ್ಟರೊಳಗೆ ರಸ್ತೆ ಮುಗಿಯದಿದ್ದರೆ ಬಚಾವು.

ನಿಮ್ಮ ವಿದ್ಯಾರ್ಥಿಗಳಿಗೆ ಕಾಪಿ ಮಾಡಿಸಬೇಕಾದ ಲೆಕ್ಕ ಇದು. "ಇಎಸ್‌ಸಿ ಇದೆ, ತಿರುವಿನಲ್ಲಿ ಸ್ವಲ್ಪ ಜೋರಾಗಿ ಹೋಗಬಹುದು" ಅನ್ನುವವರಿಗೆ ಈ ಎರಡು ದಾರಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ತೋರಿಸಿದರೆ ಸಾಕು, ಭಾಷಣ ಬೇಡ.

ಮಿತಿ ಇದ್ದರೂ ಇದರ ಉಪಯೋಗ ಸಣ್ಣದಲ್ಲ. ಬಾಷ್ ಕಂಪನಿಯಲ್ಲಿ ಆಂಟನ್ ಫಾನ್ ಜಾಂಟೆನ್ ಎಂಬ ಎಂಜಿನಿಯರ್ ನೇತೃತ್ವದಲ್ಲಿ ಬೆಳೆದ ಈ ವ್ಯವಸ್ಥೆ 1995ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರಿನಲ್ಲಿ ಬಂತು. ಮೊದಮೊದಲು ಇದು ಶ್ರೀಮಂತರ ಕಾರಿನ ಅಲಂಕಾರವೇ ಆಗಿತ್ತು. ಸಣ್ಣ ಕಾರಿಗೆ ಇಳಿದದ್ದು ಒಂದು ಅವಮಾನದಿಂದ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆಯವರು ಹೊಸ ಮರ್ಸಿಡಿಸ್ ಎ-ಕ್ಲಾಸ್ ಕಾರನ್ನು ಪರೀಕ್ಷೆ ಮಾಡಿದರು. ರಸ್ತೆಗೆ ಮೂಸ್ ಎಂಬ ದೊಡ್ಡ ಜಿಂಕೆ ಅಡ್ಡ ಬಂದರೆ ತಪ್ಪಿಸಿಕೊಳ್ಳುವಂತೆ ತಟ್ಟನೆ ಪಕ್ಕಕ್ಕೆ ಸರಿಸಿ ಮತ್ತೆ ವಾಪಸ್ ತರುವ ಪರೀಕ್ಷೆ. ಕಾರು ಮಗುಚಿತು. ಸುದ್ದಿ ಎಲ್ಲೆಡೆ ಹಬ್ಬಿತು. ಕಂಪನಿ ಕಾರಿನ ಸಸ್ಪೆನ್ಷನ್ ಬದಲಿಸಿತು, ಜೊತೆಗೆ ಎಲ್ಲ ಎ-ಕ್ಲಾಸ್ ಕಾರುಗಳಿಗೂ ಇಎಸ್‌ಪಿ ಹಾಕಿಕೊಟ್ಟಿತು. ಆಮೇಲೆ ಬೇರೆಯವರೂ ಸುಮ್ನೆ ಕೂರಲು ಆಗಲಿಲ್ಲ.

ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆ 2007ರಲ್ಲಿ ಇದನ್ನು ಕಡ್ಡಾಯ ಮಾಡುವ ನಿಯಮ ತಂದಿತು. ಬೇರೆ ಗಾಡಿಗೆ ಗುದ್ದದೆ ತಾನೇ ದಾರಿ ತಪ್ಪಿ ಆಗುವ ಅಪಘಾತಗಳು ಕಾರುಗಳಲ್ಲಿ ಶೇ. 34, ಎಸ್‌ಯುವಿಗಳಲ್ಲಿ ಶೇ. 59 ಕಡಿಮೆಯಾಗುತ್ತವೆ ಅಂತ ಅದು ಆಗ ಅಂದಾಜು ಮಾಡಿತ್ತು. ಎಸ್‌ಯುವಿಯಲ್ಲಿ ಲಾಭ ಜಾಸ್ತಿ ಇರುವುದಕ್ಕೆ ಕಾರಣ ಇದೆ. ಎತ್ತರದ ಗಾಡಿ ಅಡ್ಡಡ್ಡ ಜಾರಿ ರಸ್ತೆಯಂಚಿನ ಮೆತ್ತನೆ ಮಣ್ಣಿಗೆ ಸಿಕ್ಕಿದರೆ ಚಕ್ರ ತಡೆದು ಪಲ್ಟಿ ಹೊಡೆಯುತ್ತದೆ. ಅಡ್ಡ ಜಾರುವುದೇ ನಿಂತರೆ ಪಲ್ಟಿಗೆ ಅವಕಾಶ ಕಡಿಮೆ. ಯುರೋಪಿನ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ.

ಆ ಅಮೆರಿಕದ ನಿಯಮದಲ್ಲಿರುವ ಪರೀಕ್ಷೆ ನನಗೆ ಬಹಳ ಇಷ್ಟ. ಯಾಕೆಂದರೆ ಅದು ಜಾಣ ಡ್ರೈವರನ್ನು ನಕಲು ಮಾಡುವುದಿಲ್ಲ, ಹೆದರಿದ ಡ್ರೈವರನ್ನು ನಕಲು ಮಾಡುತ್ತದೆ. ಕಾರು ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುತ್ತಿರುವಾಗ ಒಂದು ಯಂತ್ರ ಸ್ಟೇರಿಂಗನ್ನು ಸರ್ರನೆ ಒಂದು ಕಡೆ ತಿರುಗಿಸುತ್ತದೆ. ತಕ್ಷಣ ಇನ್ನೊಂದು ಕಡೆಗೆ ಪೂರ್ತಿ ಎಳೆಯುತ್ತದೆ. ಅಲ್ಲಿ ಅರ್ಧ ಸೆಕೆಂಡು ಹಾಗೇ ಹಿಡಿದಿರುತ್ತದೆ. ಆಮೇಲೆ ನೇರಕ್ಕೆ ತರುತ್ತದೆ. ಸ್ಟೇರಿಂಗ್ ನೇರವಾಗಿ ಒಂದು ಸೆಕೆಂಡ್ ಕಳೆಯುವಷ್ಟರಲ್ಲಿ ಕಾರಿನ ತಿರುಗುವ ವೇಗ ಅದರ ಗರಿಷ್ಠದ ಶೇ. 35ಕ್ಕಿಂತ ಕೆಳಗೆ ಬಂದಿರಬೇಕು, 1.75 ಸೆಕೆಂಡಿಗೆ ಶೇ. 20ಕ್ಕಿಂತ ಕೆಳಗೆ. ಹಾಗಂತ ಕಾರನ್ನು ನೇರಕ್ಕೇ ಕಟ್ಟಿಹಾಕಿ ಪಾಸಾಗಲು ಬಿಡುವುದಿಲ್ಲ. ಸ್ಟೇರಿಂಗ್ ತಿರುಗಲು ಶುರುವಾದ 1.07 ಸೆಕೆಂಡಿನೊಳಗೆ ಸಾಧಾರಣ ಕಾರು ಕನಿಷ್ಠ 1.83 ಮೀಟರ್ ಪಕ್ಕಕ್ಕೆ ಸರಿದಿರಲೇಬೇಕು. ಮಾತು ಕೇಳಬೇಕು, ಆದರೆ ತಲೆ ತಿರುಗಬಾರದು.

ಮೊದಲ ತಿರುಗಿಸುವಿಕೆಯಲ್ಲಿ ಕಾರು ಸಾಮಾನ್ಯವಾಗಿ ಬೀಳುವುದಿಲ್ಲ. ಅದನ್ನು ಸರಿಮಾಡಲು ಹೋಗಿ ಎರಡನೇ ಸಲ ಜಾಸ್ತಿ ಎಳೆದಾಗ ಹಿಂಭಾಗ ಚಾಟಿಯಂತೆ ಬೀಸುತ್ತದೆ. ಎಂಜಿನಿಯರುಗಳು ಆ ಅರ್ಧ ಸೆಕೆಂಡಿನ ಹೆದರಿಕೆಯನ್ನೂ ಅಳೆದು ಪರೀಕ್ಷೆಗೆ ಸೇರಿಸಿದ್ದಾರೆ. ನಮ್ಮ ಪಾಠಗಳಲ್ಲಿ ಅದಕ್ಕೆ ಜಾಗವೇ ಇಲ್ಲ.

ಈಗ ಪಾಠದ ವಿಷಯಕ್ಕೆ ಬರುತ್ತೇನೆ. ಹಳೆಯ ಕೈಪಿಡಿಗಳಲ್ಲಿ, ಹಳೆಯ ಡ್ರೈವರುಗಳ ಬಾಯಲ್ಲಿ ಮೂರು ಮಾತು ಇನ್ನೂ ಓಡಾಡುತ್ತಿವೆ. ಜಾರಿದಾಗ ಬ್ರೇಕನ್ನು ತುಳಿದು ಬಿಟ್ಟು, ತುಳಿದು ಬಿಟ್ಟು ಮಾಡಿ. ಜಾರಿದ ಕಡೆಗೇ ಸ್ಟೇರಿಂಗ್ ಜೋರಾಗಿ ತಿರುಗಿಸಿ. ಸಾಧ್ಯವಾದರೆ ಬ್ರೇಕ್ ಮುಟ್ಟಲೇಬೇಡಿ.

ಎಬಿಎಸ್ ಇಲ್ಲದ ಕಾಲಕ್ಕೆ ಇವು ಸರಿಯಾದ ಮಾತುಗಳೇ. ಕಲಿಸಿದವರನ್ನು ನಾನು ದೂರುವುದಿಲ್ಲ. ಆದರೆ ಎಬಿಎಸ್ ಇದ್ದ ಕಡೆ ಬ್ರೇಕ್ ತುಳಿದು ಬಿಡುವುದು ಅಂದರೆ ಸಿಕ್ಕ ಒತ್ತಡವನ್ನು ನೀವೇ ಕೈಚೆಲ್ಲಿದ ಹಾಗೆ. ಇಎಸ್‌ಸಿ ಇದ್ದ ಕಡೆ ಜಾರಿದ ದಿಕ್ಕಿಗೆ ಸ್ಟೇರಿಂಗನ್ನು ವಿಪರೀತ ತಿರುಗಿಸಿದರೆ ಕಂಪ್ಯೂಟರಿಗೆ ಹೊಸ ಆಜ್ಞೆ ಕೊಟ್ಟ ಹಾಗೆ. "ಓ, ಇವರು ಈಗ ಆ ಕಡೆ ಹೋಗಬೇಕಂತೆ" ಅಂತ ಅದು ನಂಬುತ್ತದೆ.

ಹಾಗಾದರೆ ಏನು ಹೇಳಬೇಕು? ಹೋಗಬೇಕಾದ ಜಾಗವನ್ನು ನೋಡು, ಸ್ಟೇರಿಂಗನ್ನು ಅತ್ತ ಹಿಡಿ. ನಿಲ್ಲಬೇಕಾದರೆ ಬ್ರೇಕನ್ನು ಬಲವಾಗಿ ಒತ್ತಿ ಹಿಡಿ, ನಡುಗಿದರೂ ಬಿಡಬೇಡ. ಅಷ್ಟೇ. ಹಿಂಭಾಗ ಬಲಕ್ಕೆ ಬೀಸಿ ಮೂತಿ ಎಡಕ್ಕೆ ಹೋದಾಗ ರಸ್ತೆಯನ್ನೇ ನೋಡುತ್ತಾ ಸ್ಟೇರಿಂಗನ್ನು ರಸ್ತೆಗೆ ಹಿಡಿದರೆ ಅದು ತಾನಾಗೇ ಬಲಕ್ಕೆ ಬರುತ್ತದೆ, ಬೇಕಾದಷ್ಟೇ ಬರುತ್ತದೆ. ಬೇರೆ ಲೆಕ್ಕ ನೆನಪಿಡಬೇಕಾಗಿಲ್ಲ.

ಕೇಳಲು ಸುಲಭ. ಮಾಡುವುದು ಕಷ್ಟ, ಯಾಕೆಂದರೆ ಹೆದರಿದ ಕಣ್ಣು ದಾರಿಯನ್ನು ನೋಡುವುದಿಲ್ಲ, ಮರವನ್ನು ನೋಡುತ್ತದೆ. ಕಣ್ಣು ಹೋದ ಕಡೆ ಕೈ ಹೋಗುತ್ತದೆ. ಇನ್ನು ಕೆಲವರು ಸ್ಟೇರಿಂಗನ್ನು ನೇರಕ್ಕೇ ಗಟ್ಟಿಯಾಗಿ ಹಿಡಿದು ಮರಗಟ್ಟಿ ಕೂರುತ್ತಾರೆ. ಆಗ ಯಂತ್ರಕ್ಕೆ ಸಿಗುವ ಸಂದೇಶ ಏನು? "ನೇರ ಹೋಗು." ತಿರುವಿನಲ್ಲಿ ನೇರ ಹೋಗುವುದು ಅಂದರೆ ಎಲ್ಲಿಗೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಖಾಲಿ ಮೈದಾನದಲ್ಲಿ, ಒದ್ದೆ ಮಾಡಿದ ನೆಲದಲ್ಲಿ, ಕಡಿಮೆ ವೇಗದಲ್ಲಿ, ನೀವು ಪಕ್ಕದಲ್ಲಿ ಕೂತು ಒಂದು ಸಲ ಮಾಡಿಸಬೇಕು. ಕಾಲಿನ ಕೆಳಗೆ ಪೆಡಲ್ ನಡುಗುವುದು ಹೇಗಿರುತ್ತದೆ ಅಂತ ಒಮ್ಮೆ ಗೊತ್ತಾದವರು ಮುಂದೆ ಕಾಲು ತೆಗೆಯುವುದಿಲ್ಲ.

ಅಧಿಕಾರಿಗಳೇ, ಎಲ್ಲ ಕಡೆ ಅಂಥ ಮೈದಾನ ಇರುವುದಿಲ್ಲ ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಕೊನೆಗೆ ನೇರ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ ಪೂರ್ತಿ ಬ್ರೇಕ್ ಒತ್ತಿಸಿ ಎಬಿಎಸ್ ಸದ್ದನ್ನಾದರೂ ಕೇಳಿಸಿ. ಪಂಪು ಅದೇ, ನಡುಕವೂ ಅದೇ.

ಆಫ್ ಬಟನ್ ಬಗ್ಗೆ ಎರಡು ಮಾತು. ಹಲವು ಕಾರುಗಳಲ್ಲಿ ಇಎಸ್‌ಸಿ ಆರಿಸುವ ಬಟನ್ ಇರುತ್ತದೆ. ಕೆಸರಿನಲ್ಲೋ ಮರಳಿನಲ್ಲೋ ಚಕ್ರ ಹೂತು ಸುಮ್ಮನೆ ಸುತ್ತುತ್ತಿದ್ದರೆ, ಯಂತ್ರ ಎಂಜಿನ್ ಶಕ್ತಿ ಇಳಿಸಿ ಗಾಡಿ ಹೊರಬರದಂತೆ ಮಾಡಬಹುದು. ಬಟನ್ ಇರುವುದು ಅದಕ್ಕೆ. ಹೊರಬಂದ ಮೇಲೆ ಮತ್ತೆ ಆನ್ ಮಾಡಬೇಕು. ಕಾರನ್ನು ಆರಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಅದು ತಾನಾಗಿಯೇ ಆನ್ ಆಗುವಂತೆ ನಿಯಮಗಳೇ ಹೇಳುತ್ತವೆ. "ಆಫ್ ಮಾಡಿದರೆ ಗಾಡಿ ಚುರುಕಾಗುತ್ತೆ" ಅಂತ ಸ್ನೇಹಿತರು ಹೇಳಿಕೊಡುವ ಮೊದಲು ನೀವು ಇದನ್ನು ಹೇಳಿಬಿಡಿ.

ದೀಪದ ಭಾಷೆಯನ್ನೂ ಹೇಳಿಕೊಡಿ. ಸ್ಟಾರ್ಟ್ ಮಾಡುವಾಗ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಿದರೆ ಎಲ್ಲ ಸರಿ. ಓಡುವಾಗ ಮಿನುಗಿದರೆ ಯಂತ್ರ ಕೆಲಸ ಮಾಡುತ್ತಿದೆ, ಅಂದರೆ ನೀವು ಹಿಡಿತದ ಅಂಚಿನಲ್ಲಿದ್ದೀರಿ, ವೇಗ ಇಳಿಸಿ. ಹತ್ತಿಕೊಂಡೇ ಇದ್ದರೆ ಯಂತ್ರ ಕೆಟ್ಟಿದೆ. ಆಫ್ ಅಂತ ಬರೆದಿದ್ದರೆ ಯಾರೋ ಆರಿಸಿದ್ದಾರೆ.

ಹತ್ತಿಕೊಂಡೇ ಇರುವ ದೀಪದ ಜೊತೆ ತಿಂಗಳುಗಟ್ಟಲೆ ಓಡಾಡುವವರನ್ನು ನಾನು ನೋಡಿದ್ದೇನೆ. ಕಾರು ಓಡುತ್ತದೆ, ಬ್ರೇಕ್ ಹಿಡಿಯುತ್ತದೆ, ಮತ್ತೇನು ಬೇಕು ಅನ್ನುತ್ತಾರೆ. ದೀಪ ಕಣ್ಣು ಚುಚ್ಚುತ್ತೆ, ಅದರ ಮೇಲೆ ಟೇಪ್ ಹಚ್ಚಿಕೊಡಿ ಅಂತ ಕೇಳುವವರೂ ಇದ್ದಾರೆ! ಬಹಳ ಸಲ ಕಾರಣ ಸಣ್ಣದು. ಚಕ್ರದ ಸೆನ್ಸರಿಗೆ ಕೊಳೆ ಕೂತಿರುತ್ತದೆ, ಇಲ್ಲವೇ ಅದರ ವಯರು ಸವೆದಿರುತ್ತದೆ. ಬ್ರೇಕ್ ದೀಪದ ಸ್ವಿಚ್ ಕೆಟ್ಟಿರುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಸ್ಟೇರಿಂಗ್ ಸೆನ್ಸರಿಗೆ ಸೊನ್ನೆ ಎಲ್ಲಿ ಅಂತ ಮತ್ತೆ ಹೇಳಿಕೊಟ್ಟಿರುವುದಿಲ್ಲ. ಈ ಕೊನೆಯದರಲ್ಲಿ ಇರುವ ತಮಾಷೆ ನೋಡಿ: ನೀವು ನೇರ ಹಿಡಿದಿರುತ್ತೀರಿ, ಅದು ನೀವು ಸ್ವಲ್ಪ ಎಡಕ್ಕೆ ಹೋಗಬೇಕಂತೆ ಅಂತ ತಿಳಿದಿರುತ್ತದೆ.

ಟೈರಿನ ವಿಷಯವೂ ಇಲ್ಲೇ ಬರುತ್ತದೆ. ಚಕ್ರದ ಸೆನ್ಸರ್ ಎಣಿಸುವುದು ಸುತ್ತುಗಳನ್ನು, ಮೀಟರುಗಳನ್ನಲ್ಲ. ಒಂದು ಕಡೆ ಬೇರೆ ಅಳತೆಯ ಟೈರು ಹಾಕಿ ಅದರ ವ್ಯಾಸ ಶೇ. 3ರಷ್ಟು ಕಡಿಮೆ ಇದ್ದರೆ, 80ರಲ್ಲಿ ಹೋಗುವಾಗ ಆ ಚಕ್ರ ಸುಮಾರು 82.5ರಲ್ಲಿ ಹೋಗುತ್ತಿದೆ ಅಂತ ಕಂಪ್ಯೂಟರಿಗೆ ಕಾಣುತ್ತದೆ. ಸಣ್ಣಪುಟ್ಟ ವ್ಯತ್ಯಾಸವನ್ನು ಅದು ಸರಿದೂಗಿಸಿಕೊಳ್ಳುತ್ತದೆ, ಮಿತಿ ಮೀರಿದರೆ ಗೊಂದಲಕ್ಕೆ ಬೀಳುತ್ತದೆ. ಸವೆದು ನುಣುಪಾದ ಟೈರಿನ ಕಥೆ ಇನ್ನೂ ಕೆಟ್ಟದು. ನಿಂತ ನೀರಿನ ಮೇಲೆ ಟೈರು ತೇಲಿಬಿಟ್ಟರೆ ಬ್ರೇಕ್ ಯಾವ ಚಕ್ರಕ್ಕೆ ಹಾಕಿದರೂ ಒಂದೇ, ಯಾವುದೂ ನೆಲ ಮುಟ್ಟಿಲ್ಲ.

ನಿಮ್ಮ ಪಠ್ಯದಲ್ಲಿ ಇದಕ್ಕೆಲ್ಲ ದೊಡ್ಡ ಅಧ್ಯಾಯ ಬೇಕು ಅಂತ ನಾನು ಕೇಳುತ್ತಿಲ್ಲ. ಎರಡು ಪುಟ ಸಾಕು, ಜೊತೆಗೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆ. ಪರೀಕ್ಷೆಯಲ್ಲಿ ಬರುವುದಿಲ್ಲ ಅಂದರೆ ಯಾರೂ ಓದುವುದಿಲ್ಲ, ಅದು ನಿಮಗೂ ಗೊತ್ತು. ಪ್ರಶ್ನೆಯನ್ನು ನಾನೇ ಬರೆದು ಕೊಡುತ್ತಿದ್ದೇನೆ. ಬೇಕಾದರೆ ತಿದ್ದಿಕೊಳ್ಳಿ:

"ಒದ್ದೆ ರಸ್ತೆಯ ಎಡ ತಿರುವಿನಲ್ಲಿ ನಿಮ್ಮ ಕಾರಿನ ಹಿಂಭಾಗ ಬಲಕ್ಕೆ ಜಾರಲು ಶುರುವಾಗುತ್ತದೆ. ಹಳದಿ ದೀಪ ಮಿನುಗುತ್ತಿದೆ, ಬ್ರೇಕಿನಿಂದ ಗರಗರ ಸದ್ದು ಬರುತ್ತಿದೆ. ಆಗ ನೀವು ಎಲ್ಲಿ ನೋಡುತ್ತೀರಿ? ಸ್ಟೇರಿಂಗನ್ನು ಎತ್ತ ಹಿಡಿಯುತ್ತೀರಿ? ಬ್ರೇಕ್ ಮೇಲಿರುವ ಕಾಲನ್ನು ಏನು ಮಾಡುತ್ತೀರಿ?"

ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಅನ್ನಬೇಡಿ. ಅಭ್ಯರ್ಥಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನಿಂತ ಕಾರಿನಲ್ಲೇ ಕೈಯಿಂದ, ಕಾಲಿನಿಂದ ಮಾಡಿ ತೋರಿಸಲು ಹೇಳಿ.

ಇಂತಿ,
ನೀವು ಕಲಿಸಿದವರ ಕಾರುಗಳ ಬ್ರೇಕ್ ನೋಡಿಕೊಳ್ಳುವ ಒಬ್ಬ ಮೆಕ್ಯಾನಿಕ್